ಅಪ್ಪ-ಅಮ್ಮನಿಗೆ ಸ್ಮಾರ್ಟ್‌ಫೋನ್ ಕಲಿಸುವ ಕ್ರಮ: ಯಾವುದು ಮೊದಲು, ಯಾವುದು ಆಮೇಲೆ

ದೀಪಾವಳಿಗೆ ಊರಿಗೆ ಬಂದ ಮಗ ಹೊಸ ಫೋನ್ ತರುತ್ತಾನೆ. ಒಂದೇ ಮಧ್ಯಾಹ್ನ ಕೂತು ವಾಟ್ಸಾಪ್, ಯೂಟ್ಯೂಬ್, ಫೋನ್‌ಪೇ ಎಲ್ಲ ಹಾಕಿ, "ಇಷ್ಟೇ ಅಮ್ಮಾ, ಸುಲಭ" ಎಂದು ಬಸ್ ಹತ್ತುತ್ತಾನೆ. ಸಂಕ್ರಾಂತಿ ಹೊತ್ತಿಗೆ ಆ ಫೋನ್ ಶೋಕೇಸ್ ಸೇರಿರುತ್ತದೆ, ಅಮ್ಮನ ಕೈಯಲ್ಲಿ ಮತ್ತೆ ಹಳೆಯ ಕೀಪ್ಯಾಡ್ ಸೆಟ್ಟು. "ಎಷ್ಟು ಸಲ ಹೇಳಿಕೊಟ್ಟರೂ ಮರೀತಾರೆ" ಎನ್ನುವವರು ಬಹಳ. ಆದರೆ ಹೆಚ್ಚಿನ ಮನೆಗಳಲ್ಲಿ ಹೇಳಿಕೊಟ್ಟೇ ಇರುವುದಿಲ್ಲ. ಫೋನ್ ಇಸಿದುಕೊಂಡು, ಸರಸರ ಬೆರಳಾಡಿಸಿ, ಮಾಡಿ ತೋರಿಸಿರುತ್ತಾರೆ. ನೋಡಿದ್ದು ಕಣ್ಣಿಗೆ ಗೊತ್ತಾಯಿತು, ಬೆರಳಿಗೆ ಗೊತ್ತಾಗಲಿಲ್ಲ.

ಹಾಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದು ನಿಯಮ: ಎರಡನೆಯ ಮತ್ತು ಮೂರನೆಯ ಹಂತದ ಸಿದ್ಧತೆ ಮುಗಿದ ಮೇಲೆ ಫೋನ್ ಅವರ ಕೈಯಲ್ಲೇ ಇರಬೇಕು. ನಿಮ್ಮ ಕೈಗಳು ನಿಮ್ಮ ಮಡಿಲಲ್ಲಿರಲಿ. ಇಲ್ಲಿ ಹೇಳಿರುವುದು ಆಂಡ್ರಾಯ್ಡ್ ಫೋನಿಗೆ. ಕಂಪನಿಯಿಂದ ಕಂಪನಿಗೆ ಸೆಟ್ಟಿಂಗ್ಸ್‌ನ ಹೆಸರು ಸ್ವಲ್ಪ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪಟ್ಟಿಯಲ್ಲಿ ಹುಡುಕಿ.

## ಮೊದಲು ಒಟ್ಟು ಮಾಡಿಕೊಳ್ಳಬೇಕಾದ ಸಾಮಾನು

ಸುಮಾರು 6.5 ಇಂಚಿನ, ಅಂಚು ಬಾಗಿಲ್ಲದ ಚಪ್ಪಟೆ ಗಾಜಿನ ಫೋನ್ ಇರಲಿ. ಅಂಚು ಬಾಗಿದ ಫೋನ್ ಹಿಡಿದಾಗ ಅಂಗೈ ಪರದೆಗೆ ತಾಗಿಕೊಂಡಿರುತ್ತದೆ. ಆಗ ಬೆರಳಲ್ಲಿ ಮುಟ್ಟಿದ್ದನ್ನು ಫೋನ್ ಸರಿಯಾಗಿ ಗ್ರಹಿಸುವುದಿಲ್ಲ. ಜಾರದ ರಬ್ಬರ್ ಕವರ್ ಬೇಕು, ಅಂಚು ಸ್ವಲ್ಪ ಎತ್ತರವಿರಲಿ. ಪುಸ್ತಕದ ಹಾಗೆ ಮುಚ್ಚುವ ಕವರ್ ಬೇಡ, ಕರೆ ಬಂದಾಗ ತೆರೆಯುವಷ್ಟರಲ್ಲಿ ಕಟ್ಟಾಗುತ್ತದೆ.

ಚಾರ್ಜರ್‌ಗೆ ಉದ್ದನೆಯ ವೈರ್ ಕೊಳ್ಳಿ. ಅವರು ದಿನಾ ಕೂರುವ ಜಾಗದ ಪಕ್ಕದಲ್ಲಿ, ಬಗ್ಗದೆ ಸಿಗುವ ಎತ್ತರದ ಪ್ಲಗ್ಗಿಗೆ ಅದನ್ನು ಶಾಶ್ವತವಾಗಿ ಹಾಕಿಡಿ. ಮಂಚದ ಹಿಂದೆ ಬಗ್ಗಿ ಚಾರ್ಜ್ ಹಾಕಬೇಕೆಂದರೆ ಮಂಡಿ ನೋವಿನವರು ಹಾಕುವುದಿಲ್ಲ. ಫೋನ್ ಬಿಟ್ಟುಬಿಡಲು ಎಷ್ಟೋ ಮನೆಗಳಲ್ಲಿ ಇಷ್ಟೇ ಕಾರಣ.

100 ಪುಟದ ಗೆರೆ ಪುಸ್ತಕ, ದಪ್ಪಗೆ ಬರೆಯುವ ಪೆನ್ನು, ಹಸಿರು-ಕೆಂಪು-ನೀಲಿ ಸ್ಕೆಚ್ ಪೆನ್ನು, ಮೆತ್ತನೆಯ ಹತ್ತಿ ಬಟ್ಟೆ, ಓದುವ ಕನ್ನಡಕ. ಕನ್ನಡಕದ ಪವರ್ ಹಳೆಯದಾಗಿದ್ದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬನ್ನಿ. ಪೊರೆ ಬಂದ ಕಣ್ಣಿಗೆ ಪಾಠ ಹೇಳಿ ಪ್ರಯೋಜನವಿಲ್ಲ.

ನಿಮ್ಮದೇ ಹಳೆಯ ಫೋನ್ ಕೊಡುವುದಾದರೆ ಪೂರ್ತಿ ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಕೊಡಿ. ನಿಮ್ಮ ಜಿಮೇಲ್ ಹಾಗೇ ಉಳಿದರೆ ನಿಮ್ಮ ಫೋಟೋ ಅವರಿಗೆ, ಅವರ ಫೋಟೋ ನಿಮಗೆ ಬರುತ್ತದೆ, ಸಂಪರ್ಕ ಪಟ್ಟಿ ಕಲಸುಮೇಲೋಗರವಾಗುತ್ತದೆ.

## ಹಂತ 1: ಒಂದೇ ಒಂದು ಕೆಲಸ ಆರಿಸಿ

"ಏನು ಕಲೀಬೇಕು ಹೇಳಿ" ಎಂದು ಕೇಳಿದರೆ "ನಂಗೇನೂ ಬೇಡಪ್ಪ" ಎಂಬ ಉತ್ತರವೇ ಬರುವುದು. ಅದರ ಬದಲು ಒಂದು ವಾರ ಗಮನಿಸಿ. ಯಾವುದಕ್ಕೆ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ? ಯಾವುದಕ್ಕೆ ನಿಮ್ಮ ಫೋನಿಗೆ ಕಾಯುತ್ತಾರೆ? ಮೊಮ್ಮಗಳ ಮುಖ ನೋಡುವುದು, ಯಕ್ಷಗಾನ ಅಥವಾ ಹರಿಕಥೆ ಕೇಳುವುದು, ಕರೆಂಟ್ ಬಿಲ್ ಕಟ್ಟುವುದು, ಪಿಂಚಣಿ ಬಂತೇ ನೋಡುವುದು, ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾಯಿತೇ ತಿಳಿಯುವುದು, ಪಹಣಿ ತೆಗೆಯುವುದು... ಇಂಥ ಯಾವುದೋ ಒಂದು ಇರುತ್ತದೆ.

ಇವುಗಳಲ್ಲಿ ದಿನವೂ ಮಾಡುವಂಥದ್ದನ್ನು ಮೊದಲು ಆರಿಸಿ. ಪಹಣಿ ಎಷ್ಟೇ ಮುಖ್ಯವಾದರೂ ಅದು ವರ್ಷಕ್ಕೆ ಒಂದೆರಡು ಸಲದ ಕೆಲಸ. ಕಲಿತದ್ದು ಮುಂದಿನ ವರ್ಷದವರೆಗೆ ನೆನಪಿರುವುದಿಲ್ಲ. ಅದಕ್ಕೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರವೇ ಇರಲಿ. ವಿಡಿಯೋ ಕರೆ ದಿನಾ ನಡೆಯುತ್ತದೆ, ಹಾಗಾಗಿ ಬೆರಳಿಗೆ ಹತ್ತುತ್ತದೆ.

## ಹಂತ 2: ಕೈಗೆ ಕೊಡುವ ಮೊದಲು ಫೋನ್ ಸಿದ್ಧಪಡಿಸಿ

ಇದನ್ನು ಅವರ ಎದುರು ಮಾಡಬೇಡಿ. ಒಂದು ಗಂಟೆ ಹಿಡಿಯುತ್ತದೆ, ನೋಡಿದವರಿಗೆ ಗಾಬರಿಯಾಗುತ್ತದೆ.

1. ಅಕ್ಷರ. ಡಿಸ್ಪ್ಲೇ ವಿಭಾಗದಲ್ಲಿ ಫಾಂಟ್ ಸೈಜ್ ಮತ್ತು ಡಿಸ್ಪ್ಲೇ ಸೈಜ್ ಬೇರೆ ಬೇರೆ ಇವೆ. ಎರಡನ್ನೂ ಒಟ್ಟಿಗೆ ತುತ್ತತುದಿಗೆ ಏರಿಸಿದರೆ ಕೆಲವು ಆ್ಯಪ್‌ಗಳಲ್ಲಿ ಕೆಳಗಿನ ಗುಂಡಿಗಳು ಪರದೆಯಿಂದ ಆಚೆ ಹೋಗುತ್ತವೆ. ಫಾಂಟ್ ದೊಡ್ಡದು ಮಾಡಿ, ಡಿಸ್ಪ್ಲೇ ಸೈಜ್ ಒಂದು ಮೆಟ್ಟಿಲು ಮಾತ್ರ ಏರಿಸಿ, ವಾಟ್ಸಾಪ್ ಮತ್ತು ಹಣದ ಆ್ಯಪ್ ತೆರೆದು ಗುಂಡಿ ಎಲ್ಲ ಕಾಣುತ್ತವೆಯೇ ನೋಡಿ.

2. ಒತ್ತಿ ಹಿಡಿಯುವ ಸಮಯ. ಬಹಳ ಜನ ಬಿಟ್ಟುಬಿಡುವ ಸೆಟ್ಟಿಂಗ್ ಇದು, ಅತಿ ಮುಖ್ಯವೂ ಇದೇ. ಕೀಪ್ಯಾಡ್ ಒತ್ತಿ ಅಭ್ಯಾಸವಾದ ಬೆರಳು ಗಾಜನ್ನೂ ಜೋರಾಗಿ, ನಿಧಾನವಾಗಿ ಒತ್ತುತ್ತದೆ. ಫೋನ್ ಅದನ್ನು "ಒತ್ತಿ ಹಿಡಿದರು" ಎಂದು ತಿಳಿಯುತ್ತದೆ. ಆಗ ಚಿತ್ರ ಜಾಗ ಬಿಟ್ಟು ಓಡುತ್ತದೆ, ಏನೇನೋ ಪಟ್ಟಿ ತೆರೆಯುತ್ತದೆ, ಆ್ಯಪ್ ಕಾಣೆಯಾಗುತ್ತದೆ. "ತಾನಾಗೇ ಏನೋ ಆಯ್ತು" ಎಂದು ಅವರು ಹೇಳುವುದು ಸುಳ್ಳಲ್ಲ. ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ "ಟಚ್ ಆ್ಯಂಡ್ ಹೋಲ್ಡ್ ಡಿಲೇ" ಇದೆ. ಅದನ್ನು "ಲಾಂಗ್" ಮಾಡಿ. ಹೋಮ್ ಪರದೆಯ ಸೆಟ್ಟಿಂಗ್ಸ್‌ನಲ್ಲಿ ಚಿತ್ರಗಳ ಜಾಗಕ್ಕೆ ಬೀಗ ಹಾಕುವ ಆಯ್ಕೆ ಇದ್ದರೆ ಹಾಕಿ.

3. ಕೆಳಗಿನ ಮೂರು ಗುಂಡಿ. ಹೊಸ ಫೋನುಗಳಲ್ಲಿ ಬೆರಳು ಸರಿಸಿ ಹಿಂದೆ ಹೋಗುವ ವ್ಯವಸ್ಥೆ ಬಂದಿರುತ್ತದೆ. ಅದನ್ನು ತೆಗೆದು ಕಣ್ಣಿಗೆ ಕಾಣುವ ಮೂರು ಗುಂಡಿ ತನ್ನಿ. ಕಾಣದ ಗುಂಡಿಯನ್ನು ಯಾರೂ ಕಲಿಯಲಾರರು.

4. ಒಂದೇ ಪುಟ, ಎಂಟೇ ಚಿತ್ರ. ಫೋನ್, ವಾಟ್ಸಾಪ್, ಯೂಟ್ಯೂಬ್, ಕ್ಯಾಮೆರಾ, ಫೋಟೋ, ಟಾರ್ಚ್ ಇಷ್ಟರಿಂದ ಶುರುಮಾಡಿ, ಎರಡು ಜಾಗ ಖಾಲಿ ಬಿಡಿ. ಮನೆಯವರ ಮೂರು ನಂಬರುಗಳನ್ನು ಮುಖದ ಫೋಟೋ ಸಮೇತ, ಮುಟ್ಟಿದರೆ ನೇರ ಕರೆ ಹೋಗುವ ಡೈರೆಕ್ಟ್ ಡಯಲ್ ವಿಜೆಟ್ ಆಗಿ ಕೆಳಗೆ ಇಡಿ. ಸ್ಯಾಮ್‌ಸಂಗ್ ಫೋನಾದರೆ ಡಿಸ್ಪ್ಲೇ ವಿಭಾಗದ ಈಸಿ ಮೋಡ್ ಹಾಕಿದರೆ ಅರ್ಧ ಕೆಲಸ ಮುಗಿಯಿತು.

5. ಕಿರಿಕಿರಿ ನಿಲ್ಲಿಸಿ. ಪರದೆ ತಿರುಗುವುದನ್ನು ಆಫ್ ಮಾಡಿ. ಲಾಕ್ ಪರದೆಯ ಮೇಲೆ ಸುದ್ದಿ, ಜಾಹೀರಾತು ಬದಲಾಗುತ್ತಿರುವ ವ್ಯವಸ್ಥೆ ಇದ್ದರೆ ತೆಗೆಯಿರಿ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪೂರ್ತಿ ತಡೆಯಿರಿ. "ನಿಮ್ಮ ಫೋನಿಗೆ ವೈರಸ್ ಬಂದಿದೆ" ಎಂದು ಹೆದರಿಸುವುದರಲ್ಲಿ ಬಹುಪಾಲು ಬರುವುದು ಅಲ್ಲಿಂದಲೇ. ಪರದೆ ಆರುವ ಸಮಯ 2 ನಿಮಿಷ ಇರಲಿ. 30 ಸೆಕೆಂಡಿಗೆ ಆರಿದರೆ ಅವರು ಗುಂಡಿ ಹುಡುಕುವಷ್ಟರಲ್ಲಿ ಕತ್ತಲು.

6. ಬೀಗ. ಗದ್ದೆ ಕೆಲಸ, ಪಾತ್ರೆ ತೊಳೆಯುವ ಕೆಲಸ ಮಾಡಿದ ಕೈಗಳ ಬೆರಳಚ್ಚು ಸವೆದಿರುತ್ತದೆ, ಅದು ಪದೇ ಪದೇ ಕೈಕೊಡುತ್ತದೆ. ಸಂಖ್ಯೆಯ ಬೀಗವೇ ಇರಲಿ. ಹುಟ್ಟಿದ ವರ್ಷ, 1234 ಬೇಡ. ಅವರಿಗೆ ಮಾತ್ರ ನೆನಪಿರುವ ಹಳೆಯ ಮನೆ ನಂಬರೋ, ಹಳೆಯ ಲ್ಯಾಂಡ್‌ಲೈನ್‌ನ ಕೊನೆಯ ಅಂಕಿಗಳೋ ಆದೀತು.

7. ಭಾಷೆ. ಕನ್ನಡ ಮಾತ್ರ ಓದುವವರಿಗೆ ಫೋನಿನ ಭಾಷೆ ಕನ್ನಡವೇ ಇರಬೇಕು. ಆಗ ನಿಮ್ಮ ಫೋನನ್ನೂ ಕೆಲವು ದಿನ ಕನ್ನಡಕ್ಕೆ ತಿರುಗಿಸಿಕೊಳ್ಳಿ. ಇಲ್ಲದಿದ್ದರೆ ನೀವು ಫೋನಿನಲ್ಲಿ "ಸ್ಟೋರೇಜ್ ಒತ್ತಿ" ಎನ್ನುತ್ತೀರಿ, ಅವರಿಗೆ ಕಾಣುವುದು "ಸಂಗ್ರಹಣೆ". ಇಬ್ಬರಿಗೂ ಸಿಟ್ಟು ಬರುತ್ತದೆ.

## ಹಂತ 3: ಸಿಮ್ ಮತ್ತು ನಂಬರ್ ಸರಿಪಡಿಸಿ

ಅಪ್ಪನ ಆಧಾರ್‌ಗೆ, ಬ್ಯಾಂಕಿಗೆ, ಗ್ಯಾಸಿಗೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗನ ನಂಬರ್ ಕೊಟ್ಟಿರುವ ಮನೆಗಳು ಲೆಕ್ಕವಿಲ್ಲದಷ್ಟಿವೆ. ಆ ಮನೆಗಳಲ್ಲಿ ಹಿರಿಯರು ಬ್ಯಾಂಕಿನ ಮುಂದೆ ನಿಂತು, ಓಟಿಪಿಗಾಗಿ ಮೀಟಿಂಗಿನಲ್ಲಿರುವ ಮಗನಿಗೆ ಕರೆ ಮಾಡುತ್ತಾ ಇರುತ್ತಾರೆ. ಇದು ಬದಲಾಗದೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ.

ಆಧಾರ್‌ನ ಮೊಬೈಲ್ ನಂಬರನ್ನು ಆಧಾರ್ ಸೇವಾ ಕೇಂದ್ರದಲ್ಲಿ ಬದಲಾಯಿಸಬಹುದು. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವೂ ಇದೆ. ಬ್ಯಾಂಕಿಗೆ ಅವರನ್ನೇ ಕರೆದುಕೊಂಡು ಹೋಗಿ ಅರ್ಜಿ ಕೊಡಿಸಿ.

ರೀಚಾರ್ಜ್ ವಿಷಯದಲ್ಲಿ ಜಿಪುಣತನ ಬೇಡ. ವ್ಯಾಲಿಡಿಟಿ ಮುಗಿದರೆ ಓಟಿಪಿ ನಿಲ್ಲುತ್ತದೆ. 90 ದಿನ ಬಳಕೆಯೇ ಇಲ್ಲದ ಸಿಮ್ ನಿಷ್ಕ್ರಿಯವಾಗಬಹುದು, ಆಮೇಲೆ ಆ ನಂಬರ್ ಬೇರೆಯವರ ಪಾಲಾಗುತ್ತದೆ. ಎಸ್ಸೆಮ್ಮೆಸ್ ಇರುವ ಪ್ಲಾನೇ ಹಾಕಿಸಿ. ಯಾಕೆಂದು ಒಂಬತ್ತನೆಯ ಹಂತದಲ್ಲಿ ಗೊತ್ತಾಗುತ್ತದೆ.

ಅವರ ಹೆಸರಿನಲ್ಲೇ ಒಂದು ಜಿಮೇಲ್ ಮಾಡಿ, ರಿಕವರಿ ನಂಬರ್ ಮಾತ್ರ ನಿಮ್ಮದಿರಲಿ.

## ಹಂತ 4: ಬೆರಳಿನ ಮೂರು ಕೆಲಸ

ಮೊದಲ ಪಾಠದಲ್ಲಿ ಯಾವ ಆ್ಯಪ್ ಕೂಡ ಬೇಡ. ಬೆಳಗಿನ ತಿಂಡಿ ಆದ ಮೇಲೆ 20 ನಿಮಿಷ. ರಾತ್ರಿ ಊಟದ ನಂತರ ಕಣ್ಣು ಸೋತಿರುತ್ತದೆ, ನೀವು ಬಸ್ಸಿಗೆ ಹೊರಟ ಗಡಿಬಿಡಿಯಲ್ಲಂತೂ ಬೇಡವೇ ಬೇಡ.

ಮುಟ್ಟುವುದು: ಹಣೆಗೆ ಕುಂಕುಮ ಇಟ್ಟು ಬೆರಳು ತೆಗೆದ ಹಾಗೆ. ಒತ್ತುವುದಲ್ಲ, ತಾಗಿಸಿ ಎತ್ತುವುದು. ಉಗುರಿನ ತುದಿ ಅಲ್ಲ, ಬೆರಳ ಮೆತ್ತನೆಯ ಭಾಗ.

ಸರಿಸುವುದು: ಬಾಳೆಎಲೆಯ ಮೇಲಿನ ನೀರನ್ನು ಸರಿಸಿದ ಹಾಗೆ. ಬೆರಳು ಗಾಜಿನಿಂದ ಏಳಬಾರದು.

ಒತ್ತಿ ಹಿಡಿಯುವುದು: ಇದನ್ನು ಈಗ ಕಲಿಸಬೇಡಿ. ಹೆಸರು ಮಾತ್ರ ಹೇಳಿ, ವಾಟ್ಸಾಪ್‌ನಲ್ಲಿ ಬೇಕಾದಾಗ ತೋರಿಸಿ.

ಮುಟ್ಟಿದರೂ ಫೋನ್ ಸ್ಪಂದಿಸದಿದ್ದರೆ ಬೆರಳು ಒಣಗಿರಬಹುದು. ವಯಸ್ಸಾದವರ ಚರ್ಮದಲ್ಲಿ ತೇವ ಕಡಿಮೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು ತೊಂದರೆ. ಒದ್ದೆ ಬಟ್ಟೆಗೆ ಬೆರಳು ಒರೆಸಿಕೊಳ್ಳಲಿ. ಜೊತೆಗೆ ಗಾಜನ್ನೂ ಒರೆಸಿ. ಎಣ್ಣೆ, ಹಿಟ್ಟು ಅಂಟಿರುತ್ತದೆ.

ಈ ಪಾಠದಲ್ಲಿ ಕಲಿಯಬೇಕಾದ ಇನ್ನೊಂದೇ ವಿಷಯ: ಕೆಳಗಿನ ನಡು ಗುಂಡಿ ಮುಟ್ಟಿದರೆ ಎಲ್ಲಿದ್ದರೂ "ಮನೆ"ಗೆ ವಾಪಸ್. ಬೇಕೆಂದೇ ಎಲ್ಲೆಲ್ಲೋ ಹೋಗಲು ಹೇಳಿ, ಮನೆಗೆ ಬರಲು ಹೇಳಿ. ಹತ್ತು ಸಲ. "ಕೆಟ್ಟುಹೋದರೆ?" ಎಂಬ ಭಯ ಕಳೆಯುವುದು ಇಲ್ಲಿಯೇ. ಸಾವಿರಾರು ರೂಪಾಯಿಯ ವಸ್ತು ತಮ್ಮ ಕೈಯಿಂದ ಹಾಳಾದೀತು ಎಂಬ ಅಳುಕು ಅವರಿಗೆ ನಿಜವಾಗಿಯೂ ಇರುತ್ತದೆ. ಮುಟ್ಟಿದ ಮಾತ್ರಕ್ಕೆ ಫೋನ್ ಕೆಡುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ಹತ್ತು ಸಲ ದಾರಿ ತಪ್ಪಿ ಹತ್ತು ಸಲವೂ ಮನೆಗೆ ಬಂದರೆ ನಂಬಿಕೆ ಬರುತ್ತದೆ.

## ಹಂತ 5: ಕರೆ

ಕರೆ ಮಾಡುವುದು ಸುಲಭ, ಮುಖ ಮುಟ್ಟಿದರಾಯಿತು. ಕಷ್ಟವಿರುವುದು ಬಂದ ಕರೆ ಎತ್ತುವುದರಲ್ಲಿ. ಹಸಿರು ಗುಂಡಿ ಕಂಡಾಗ ಅವರು ಒತ್ತುತ್ತಾರೆ, ಆದರೆ ಹೆಚ್ಚಿನ ಫೋನುಗಳಲ್ಲಿ ಸರಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ಮುಟ್ಟಿ ಕರೆ ಎತ್ತುವ ಆಯ್ಕೆ ಇದೆಯೇ ಹುಡುಕಿ. ಕೆಲವು ಫೋನುಗಳಲ್ಲಿ ವಾಲ್ಯೂಮ್ ಗುಂಡಿಯಿಂದ ಕರೆ ಎತ್ತುವ, ಪವರ್ ಗುಂಡಿಯಿಂದ ಕರೆ ಮುಗಿಸುವ ಆಯ್ಕೆಯೂ ಇರುತ್ತದೆ. ಕೀಪ್ಯಾಡ್ ಫೋನಿನ ಕೈಗೆ ಅದು ತಟ್ಟನೆ ಹೊಂದುತ್ತದೆ.

ಪಕ್ಕದ ಕೋಣೆಯಿಂದ ನೀವು ಕರೆ ಮಾಡಿ. ಐದು ಸಲ ಎತ್ತಲಿ, ಐದು ಸಲ ಬಿಡಲಿ, ಮಿಸ್ಡ್ ಕಾಲ್‌ಗೆ ವಾಪಸ್ ಮಾಡಲಿ.

## ಹಂತ 6: ವಾಟ್ಸಾಪ್, ಮತ್ತು ಪುಸ್ತಕದ ಮೊದಲ ಪುಟ

ಪುಸ್ತಕ ಈಗ ತೆರೆಯಬೇಕು. ಒಂದು ಪುಟಕ್ಕೆ ಒಂದೇ ಕೆಲಸ. ಬರೆಯುವವರು ಅವರೇ. ನೀವು ಚೆಂದವಾಗಿ ಟೈಪ್ ಮಾಡಿ ಲ್ಯಾಮಿನೇಟ್ ಮಾಡಿಸಿದ ಹಾಳೆಯನ್ನು ಯಾರೂ ನೋಡುವುದಿಲ್ಲ. ತಮ್ಮ ಅಕ್ಷರದಲ್ಲಿ, ತಮ್ಮ ಮಾತಿನಲ್ಲಿ ಬರೆದದ್ದನ್ನು ನೋಡುತ್ತಾರೆ. ಅವರು ಅದನ್ನು "ಹಸಿರು ಗುಂಡಿ" ಎಂದರೆ ಹಸಿರು ಗುಂಡಿಯೇ, ನೀವು "ಐಕಾನ್" ಎಂದು ತಿದ್ದಬೇಡಿ. ಬರೆಯಲು ಬಾರದವರಿಗೆ ಸ್ಕೆಚ್ ಪೆನ್ನಿನಿಂದ ಬಣ್ಣದ ಚಿತ್ರ ಸಾಕು. ಒಂದು ಪುಟ ಹೀಗಿರಬಹುದು:

ಫೋಟೋ ಕಳಿಸೋದು
1. ಹಸಿರು ಫೋನ್ ಚಿತ್ರ ಮುಟ್ಟು
2. ಮಗಳ ಮುಖ ಮುಟ್ಟು
3. ಕೆಳಗೆ ಬರೆಯೋ ಜಾಗದ ಪಕ್ಕ ಕ್ಯಾಮೆರಾ ಮುಟ್ಟು
4. ದುಂಡು ಗುಂಡಿ ಮುಟ್ಟು, ಅಲುಗಾಡಬಾರದು
5. ಹಸಿರು ಬಾಣ ಮುಟ್ಟು
6. ಎರಡು ಗೀಟು ಬಂದರೆ ಹೋಯ್ತು

ಕಲಿಸುವಾಗ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ನೀವು ಹೇಳುತ್ತೀರಿ, ಅವರು ಮಾಡುತ್ತಾರೆ. ಎರಡನೆಯದರಲ್ಲಿ ಅವರು ಬಾಯಲ್ಲಿ ಹೇಳುತ್ತಾ ಮಾಡುತ್ತಾರೆ. ಮೂರನೆಯದರಲ್ಲಿ ಪುಸ್ತಕ ನೋಡಿ ಮಾಡುತ್ತಾರೆ, ನೀವು ತುಟಿ ಬಿಚ್ಚಬಾರದು. ತಡವರಿಸಿದರೆ ಮನಸ್ಸಿನಲ್ಲೇ ಹದಿನೈದು ಎಣಿಸಿ. ನಾಲ್ಕನೆಯ ಸುತ್ತು ಮರುದಿನ, ನೀವು ಆ ಕೋಣೆಯಲ್ಲಿರಬಾರದು. ನಾಲ್ಕನೆಯದು ಆಗದೆ ಹೊಸ ಪುಟ ತೆರೆಯಬೇಡಿ. ವಾರಕ್ಕೆ ಒಂದು ಪುಟ ಆದರೆ ಒಳ್ಳೆಯ ವೇಗ.

ವಾಟ್ಸಾಪ್ ಪುಟಗಳ ಕ್ರಮ ಹೀಗಿರಲಿ: ವಿಡಿಯೋ ಕರೆ ಎತ್ತುವುದು, ವಿಡಿಯೋ ಕರೆ ಮಾಡುವುದು, ಬಂದ ಫೋಟೋ ನೋಡುವುದು, ದನಿ ಕಳಿಸುವುದು, ಫೋಟೋ ಕಳಿಸುವುದು. ಬರೆದು ಕಳಿಸುವುದು ಕೊನೆಗೆ.

ದನಿ ಕಳಿಸುವಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಮೈಕ್ ಹಿಡಿದುಕೊಂಡೇ ಮಾತಾಡಬೇಕು. ಬೆರಳು ಎತ್ತಿದರೆ ಅರ್ಧ ಮಾತೇ ಹೋಗುತ್ತದೆ, ಎಡಕ್ಕೆ ಜಾರಿದರೆ ಅಳಿಸಿಹೋಗುತ್ತದೆ. ಕೈ ನಡುಗುವವರಿಗೆ ಮೈಕ್ ಒತ್ತಿ ಮೇಲಕ್ಕೆ ಸರಿಸಿ ಬೀಗ ಹಾಕುವುದನ್ನೇ ಕಲಿಸಿ; ಆಗ ಬೆರಳು ತೆಗೆದು ಆರಾಮಾಗಿ ಮಾತಾಡಿ, ಕೊನೆಗೆ ಬಾಣ ಮುಟ್ಟಬಹುದು.

ನೀವು ಮಾಡಬೇಕಾದ ಸೆಟ್ಟಿಂಗ್ಸ್: ಗುಂಪಿಗೆ ಸೇರಿಸುವ ಅಧಿಕಾರ ಪರಿಚಯದವರಿಗೆ ಮಾತ್ರ, ಅಪರಿಚಿತ ಕರೆಗಳು ಮೌನ, ಎರಡು ಹಂತದ ದೃಢೀಕರಣದ 6 ಅಂಕಿಯ ಪಿನ್, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದು ಬಂದ್. ಕೊನೆಯದನ್ನು ಮಾಡದಿದ್ದರೆ ಶುಭೋದಯದ ವಿಡಿಯೋಗಳಿಂದಲೇ ಕೆಲವು ತಿಂಗಳಲ್ಲಿ ಫೋನ್ ತುಂಬುತ್ತದೆ. ಆಮೇಲೆ ಫೋನ್ ನಿಧಾನವಾದದ್ದಕ್ಕೂ ಅವರು ತಮ್ಮನ್ನೇ ಬೈದುಕೊಳ್ಳುತ್ತಾರೆ.

## ಹಂತ 7: ಕನ್ನಡ ಬರೆಯುವುದು

ಗೂಗಲ್‌ನ ಕೀಲಿಮಣೆ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ. ಮೊದಲು ಮೈಕ್ ಒತ್ತಿ ಮಾತಾಡಿ ಬರೆಸುವುದನ್ನು ಕಲಿಸಿ. ಯೂಟ್ಯೂಬ್‌ನಲ್ಲಿ ಬೇಕಾದ ಭಜನೆಯನ್ನು ಬಾಯಲ್ಲಿ ಹೇಳಿ ಹುಡುಕಬಹುದು ಎಂದು ಗೊತ್ತಾದ ದಿನ ಮುಖದ ಕಳೆಯೇ ಬದಲಾಗುತ್ತದೆ. ಫೋನಿನಿಂದ ಒಂದು ಗೇಣು ದೂರದಲ್ಲಿ, ತಡೆಯದೆ ಒಂದೇ ವಾಕ್ಯ ಹೇಳಲಿ. ಟಿವಿ ಆಫ್ ಇರಲಿ. ಇಂಗ್ಲಿಷ್ ಅಕ್ಷರ ಬಲ್ಲವರಿಗೆ "amma" ಒತ್ತಿದರೆ ಅಮ್ಮ ಬರುವ ಬಗೆಯ ಕೀಲಿಮಣೆ, ಬಾರದವರಿಗೆ ಬೆರಳಿನಿಂದ ಗಾಜಿನ ಮೇಲೆ ಬರೆಯುವ ಬಗೆ ಇದೆ. ಒತ್ತಕ್ಷರ ಹುಡುಕಿ ಹುಡುಕಿ ಟೈಪ್ ಮಾಡುವ ಶ್ರಮ ಅವರಿಗೆ ಬೇಡ.

## ಹಂತ 8: ಹಣಕ್ಕಿಂತ ಮೊದಲು ಎಚ್ಚರ

ಹಣದ ಆ್ಯಪ್ ಹಾಕಿ ಆಮೇಲೆ ಮೋಸದ ಬಗ್ಗೆ ಹೇಳುವವರೇ ಹೆಚ್ಚು. ಕ್ರಮ ಇದಕ್ಕೆ ಉಲ್ಟಾ ಇರಬೇಕು.

"ಯಾರನ್ನೂ ನಂಬಬೇಡಿ" ಎಂಬ ಬುದ್ಧಿಮಾತಿನಿಂದ ಏನೂ ಆಗುವುದಿಲ್ಲ. ಕರೆ ಮಾಡಿದವನು ಮೇಷ್ಟರ ಹಾಗೆ, ಅಧಿಕಾರಿಯ ಹಾಗೆ ಮಾತಾಡುತ್ತಾನೆ. ದೊಡ್ಡವರ ಮಾತಿಗೆ ಎದುರಾಡದೆ ಬೆಳೆದ ಪೀಳಿಗೆ ಇದು. ಅವರಿಗೆ ಬೇಕಾದದ್ದು ಹೇಳಲು ಒಂದು ಸಿದ್ಧ ವಾಕ್ಯ. "ನನ್ನ ಮಗಳನ್ನು ಕೇಳಿ ಹೇಳ್ತೀನಿ" ಎಂದು ಹೇಳಿ ಕರೆ ಕಟ್ ಮಾಡುವುದು. ಮರ್ಯಾದೆಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಇದನ್ನು ನಾಟಕದ ಹಾಗೆ ಅಭ್ಯಾಸ ಮಾಡಿಸಿ. ನೀವೇ ಬೇರೆ ನಂಬರಿನಿಂದ ಕರೆ ಮಾಡಿ ಈ ಪಾತ್ರಗಳನ್ನು ಮಾಡಿ:

1. "ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್ ಆಗುತ್ತೆ, ಈ ಆ್ಯಪ್ ಹಾಕ್ಕೊಂಡು ಬಿಲ್ ಅಪ್‌ಡೇಟ್ ಮಾಡಿ."
2. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೋ ಕರೆಯಲ್ಲೇ ಇರಿ, ಯಾರಿಗೂ ಹೇಳಬೇಡಿ." ನಮ್ಮ ಕಾನೂನಿನಲ್ಲಿ "ಡಿಜಿಟಲ್ ಅರೆಸ್ಟ್" ಎಂಬುದೇ ಇಲ್ಲ. ಯಾವ ಪೊಲೀಸರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ. ಈ ಮಾತನ್ನು ಪುಸ್ತಕದಲ್ಲಿ ಕೆಂಪು ಅಕ್ಷರದಲ್ಲಿ ಬರೆಸಿ.
3. ವಾಟ್ಸಾಪ್‌ನಲ್ಲಿ ಬರುವ ಮದುವೆ ಕರೆಯೋಲೆ ಅಥವಾ ಟ್ರಾಫಿಕ್ ದಂಡದ ಚೀಟಿ, ಹೆಸರಿನ ಕೊನೆಯಲ್ಲಿ "ಎಪಿಕೆ" (.apk) ಎಂದಿರುವ ಫೈಲ್. ಅದು ಚೀಟಿಯಲ್ಲ, ಆ್ಯಪ್. ಅದನ್ನು ಹಾಕಿಕೊಂಡರೆ ಎಸ್ಸೆಮ್ಮೆಸ್, ಓಟಿಪಿ ಎಲ್ಲ ಕಳ್ಳರ ಕೈಸೇರುತ್ತದೆ.
4. "ಅಜ್ಜೀ, ನಾನು ಆ್ಯಕ್ಸಿಡೆಂಟ್ ಮಾಡ್ಕೊಂಡಿದೀನಿ, ಅಪ್ಪಂಗೆ ಹೇಳ್ಬೇಡ." ದನಿಯನ್ನೂ ನಕಲು ಮಾಡಬಹುದು. ಇದಕ್ಕೆ ಮನೆಯಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ: ಹಳೆಯ ಹಸುವಿನ ಹೆಸರೋ, ಹಿತ್ತಲ ಮರದ ಹೆಸರೋ. ಕೇಳಿದಾಗ ಹೇಳದವರು ನಮ್ಮವರಲ್ಲ.

ಮೂರನೆಯದಕ್ಕೆ ಫೋನಿನಲ್ಲೂ ಬೇಲಿ ಹಾಕಿ. "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಎಂಬಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆಯಿರಿ. ಪ್ಲೇ ಸ್ಟೋರ್‌ನಲ್ಲಿ ಕೆಟ್ಟ ಆ್ಯಪ್ ಹಿಡಿಯುವ ಪ್ಲೇ ಪ್ರೊಟೆಕ್ಟ್ ಆನ್ ಇದೆಯೇ ನೋಡಿ.

ಇನ್ನೊಂದು ಒಪ್ಪಂದ ಇವತ್ತೇ ಆಗಬೇಕು: ಮೋಸ ಹೋದರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಬೈಗುಳಕ್ಕೆ, ಅವಮಾನಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟರೆ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಮುಂದಿನ ಖಾತೆಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ಕರೆಗೆ ಮುಂಚೆ ಕೈಯಲ್ಲಿರಬೇಕಾದದ್ದು: ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ಯುಪಿಐ ಆದರೆ 12 ಅಂಕಿಯ ವಹಿವಾಟಿನ ಸಂಖ್ಯೆ. ಆಮೇಲೆ ಬ್ಯಾಂಕಿಗೆ ಹೇಳಿ. 1930, ತುರ್ತು ಸಹಾಯದ 112, ಹಿರಿಯ ನಾಗರಿಕರ ಸಹಾಯವಾಣಿ 14567, ಇವನ್ನು ಫೋನಿನಲ್ಲೂ ಪುಸ್ತಕದ ರಟ್ಟಿನ ಮೇಲೂ ಬರೆಯಿರಿ.

## ಹಂತ 9: ಹಣ

ಇಲ್ಲಿಗೆ ಬರಲು ಎರಡು ಮೂರು ತಿಂಗಳಾದರೂ ಆಗಲಿ, ಅವಸರ ಬೇಡ.

ಪಿಂಚಣಿ ಬರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಬೇರೆ ಉಳಿತಾಯ ಖಾತೆಯಲ್ಲಿ 2,000ದಿಂದ 5,000 ರೂಪಾಯಿ ಇಟ್ಟು ಅದನ್ನು ಜೋಡಿಸಿ. ಏನೇ ತಪ್ಪಾದರೂ ಹೋಗುವುದು ಅಷ್ಟೇ ಎಂಬ ಧೈರ್ಯ ಇಬ್ಬರಿಗೂ ಇರುತ್ತದೆ.

ನೋಂದಣಿ ಕೈಕೊಡುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಬ್ಯಾಂಕಿನ ನಂಬರಿನ ಸಿಮ್ ಆ ಫೋನಿನಲ್ಲೇ ಇರಬೇಕು. ಎರಡು ಸಿಮ್ ಇದ್ದರೆ ಸರಿಯಾದದ್ದನ್ನೇ ಆರಿಸಬೇಕು. ಆ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೊರಹೋಗಬೇಕು, ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಎಟಿಎಂ ಕಾರ್ಡ್ ಇಲ್ಲದವರು, ಬ್ಯಾಂಕ್ ಆ ಸೌಲಭ್ಯ ಕೊಟ್ಟಿದ್ದರೆ, ಆಧಾರ್ ಓಟಿಪಿ ಮೂಲಕ ಪಿನ್ ಇಟ್ಟುಕೊಳ್ಳಬಹುದು.

ಪುಸ್ತಕದ ಈ ಪುಟದ ಮೇಲೆ ದಪ್ಪ ಅಕ್ಷರದಲ್ಲಿ: ಪಿನ್ ಒತ್ತಿದರೆ ಹಣ ಹೋಗುತ್ತದೆ. ಹಣ ಬರಲು ಪಿನ್ ಬೇಡ. ವ್ಯಕ್ತಿಗಳ ನಡುವೆ "ಹಣ ಕೊಡಿ" ಎಂದು ಕೇಳುವ ಮನವಿಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಆದರೂ ಕ್ಯೂಆರ್ ಚಿತ್ರ ಕಳಿಸಿ "ಸ್ಕ್ಯಾನ್ ಮಾಡಿ, ಹಣ ಬರುತ್ತೆ" ಎನ್ನುವವರಿದ್ದಾರೆ. ಪಿನ್ ಮಾತ್ರ ಪುಸ್ತಕದಲ್ಲಿ ಬರೆಯಬಾರದು.

ಅಭ್ಯಾಸ ಹೀಗೆ: ಎದುರಿಗೆ ಕೂತ ನಿಮಗೆ 1 ರೂಪಾಯಿ, ಐದು ದಿನ. ಆಮೇಲೆ ಪರಿಚಯದ ಹಾಲಿನವರಿಗೆ, ತರಕಾರಿಯವರಿಗೆ. ಪ್ರತಿ ಸಲ ಮೂರು ವಿಷಯ ಬಾಯಿಬಿಟ್ಟು ಓದಲಿ: ಹೆಸರು, ಮೊತ್ತ, ಸೊನ್ನೆಗಳ ಲೆಕ್ಕ. ನೆಟ್‌ವರ್ಕ್ ನಿಧಾನವಾಗಿ "ಪೆಂಡಿಂಗ್" ಬಂದರೆ ಮತ್ತೆ ಕಳಿಸಬಾರದು. ಎರಡೆರಡು ಸಲ ಹಣ ಹೋಗುವುದು ಇಲ್ಲಿಯೇ.

ಪಿನ್ ನೆನಪಿಡುವುದು ಕಷ್ಟ ಎನ್ನುವವರಿಗೆ ಯುಪಿಐ ಸರ್ಕಲ್ ನೋಡಿ. ನಿಮ್ಮ ಖಾತೆಯ ಅಡಿಯಲ್ಲಿ ಅವರನ್ನು ಸೇರಿಸಬಹುದು. ಭಾಗಶಃ ಅನುಮತಿ ಕೊಟ್ಟರೆ ಅವರು ಅಂಗಡಿಯಲ್ಲಿ ಸ್ಕ್ಯಾನ್ ಮಾಡುತ್ತಾರೆ, ನೀವು ನಿಮ್ಮ ಫೋನಿನಲ್ಲಿ ಪಿನ್ ಒತ್ತುತ್ತೀರಿ. ಪೂರ್ಣ ಅನುಮತಿಯಲ್ಲಿ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿವರೆಗೆ ಅವರೇ ಕೊಡಬಹುದು.

ಪಿಂಚಣಿದಾರರಿಗೆ ನವೆಂಬರಿನ ಜೀವನ್ ಪ್ರಮಾಣ್ (ಬದುಕಿದ್ದೇವೆಂದು ತೋರಿಸುವ ಜೀವಿತ ಪ್ರಮಾಣಪತ್ರ) ಕೂಡ ಫೋನಿನ ಕ್ಯಾಮೆರಾದಿಂದ ಮುಖ ತೋರಿಸಿ ಮಾಡಬಹುದು. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್, ಎರಡು ಆ್ಯಪ್ ಬೇಕು, ಪಿಂಚಣಿ ಆದೇಶದ (ಪಿಪಿಒ) ಸಂಖ್ಯೆ ಹತ್ತಿರವಿರಲಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಸೋಲುತ್ತದೆ; ಬೆಳಕಿಗೆ ಮುಖ ಮಾಡಿ, ಕನ್ನಡಕ ತೆಗೆದು, ಕೇಳಿದಾಗ ಕಣ್ಣು ಮಿಟುಕಿಸಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ನವೆಂಬರಿನ ನೂಕುನುಗ್ಗಲು ತಪ್ಪುತ್ತದೆ.

## ಹಂತ 10: ದೂರದಿಂದ ಸಹಾಯ

ವಾಟ್ಸಾಪ್ ವಿಡಿಯೋ ಕರೆಯಲ್ಲಿ ಅವರ ಪರದೆಯನ್ನು ನಿಮಗೆ ತೋರಿಸುವ ಆಯ್ಕೆ ಇದೆ. "ಏನು ಕಾಣ್ತಿದೆ ಹೇಳಿ" ಎಂದು ಅರ್ಧ ಗಂಟೆ ಒದ್ದಾಡುವುದು ತಪ್ಪುತ್ತದೆ. ಆದರೆ ಕಳ್ಳರು ಕೇಳುವುದೂ ಇದನ್ನೇ. ಹಾಗಾಗಿ ಎರಡು ಕಟ್ಟುಪಾಡು: ಅವರೇ ನಿಮ್ಮ ಮುಖದ ಚಿತ್ರ ಮುಟ್ಟಿ ಮಾಡಿದ ಕರೆಯಲ್ಲಿ ಮಾತ್ರ ಪರದೆ ತೋರಿಸಬಹುದು, ಪರದೆ ತೋರಿಸುವಾಗ ಹಣದ ಆ್ಯಪ್ ತೆರೆಯಬಾರದು. ದೂರದಿಂದ ಫೋನ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಈ ಫೋನಿನಲ್ಲಿ ಇರಲೇಬಾರದು.

ವಿದೇಶದಲ್ಲಿರುವವರು ವಾರದಲ್ಲಿ ಒಂದು ಹೊತ್ತು ಗೊತ್ತುಮಾಡಿ, ಸಂಶಯಗಳನ್ನು ಪುಸ್ತಕದ ಹಿಂಬದಿಯಲ್ಲಿ ಬರೆದಿಡಲು ಹೇಳಿ. ತುರ್ತಿಗೆ ಊರಿನಲ್ಲೇ ನಂಬಿಕೆಯ ಒಬ್ಬರಿರಲಿ. ಸಿಸ್ಟಂ ಅಪ್‌ಡೇಟ್ ನೀವು ಊರಿಗೆ ಹೋದಾಗಲೇ ಮಾಡಿ; ರಾತ್ರೋರಾತ್ರಿ ಗುಂಡಿಗಳ ರೂಪ ಬದಲಾದರೆ ಪುಸ್ತಕದ ಪುಟಗಳೆಲ್ಲ ಸುಳ್ಳಾಗುತ್ತವೆ.

## ಹಾದಿ ತಪ್ಪುತ್ತಿದೆ ಎಂಬುದರ ಗುರುತು

"ನೀನು ಬಂದ ಮೇಲೆ ನೋಡೋಣ" ಎಂಬ ಮಾತು ಹೆಚ್ಚಾದರೆ ನೀವು ವೇಗ ಹೆಚ್ಚಿಸಿದ್ದೀರಿ. ಎರಡು ಪುಟ ಹಿಂದಕ್ಕೆ ಹೋಗಿ. ಫೋನ್ ಸದಾ ಚಾರ್ಜ್ ಖಾಲಿಯಾಗಿದ್ದರೆ ಆರಿಸಿದ ಕೆಲಸ ಅವರದ್ದಲ್ಲ, ನಿಮ್ಮದು. ಮೊದಲ ಹಂತದಿಂದ ಶುರುಮಾಡಿ. ನೀವು ಕೋಣೆಗೆ ಬಂದ ಕೂಡಲೇ ಫೋನ್ ಮಗುಚಿಟ್ಟರೆ, ಕರೆ ಬಂದಾಗ ಹೊರಗೆ ಹೋಗಿ ಪಿಸುಗುಟ್ಟಿದರೆ ಗದರಿಸದೆ ಅದೇ ದಿನ ಕೇಳಿ. ಯಾರೋ ಅವರನ್ನು ಹೆದರಿಸುತ್ತಿರಬಹುದು, ಅಥವಾ ಹಣ ಆಗಲೇ ಹೋಗಿರಬಹುದು.

ಇನ್ನೊಂದು ಗುರುತು ಬೇರೆ ಬಗೆಯದು. ಆರು ತಿಂಗಳು ಸಲೀಸಾಗಿ ವಿಡಿಯೋ ಕರೆ ಮಾಡುತ್ತಿದ್ದವರು ಈಗ ಪುಸ್ತಕ ನೋಡಿದರೂ ಮಾಡಲಾಗದಿದ್ದರೆ, ಒಂದೇ ಬಿಲ್ಲನ್ನು ಮರೆತು ಎರಡೆರಡು ಸಲ ಕಟ್ಟುತ್ತಿದ್ದರೆ, ಗೊತ್ತಿದ್ದ ಮುಖದ ಚಿತ್ರ ಯಾರದೆಂದು ಕೇಳುತ್ತಿದ್ದರೆ, ಅದು ಫೋನಿನ ಪಾಠದ ದೋಷವಲ್ಲ. ನೆನಪಿನ ಶಕ್ತಿಯ ಪರೀಕ್ಷೆಗೆ ವೈದ್ಯರ ಬಳಿ ಕರೆದೊಯ್ಯಿರಿ. ಅಲ್ಲಿಯವರೆಗೆ ಹಣದ ಆ್ಯಪ್ ಅವರಿಗೆ ಹೇಳಿಯೇ ತೆಗೆದು, ಮುಖದ ಚಿತ್ರಗಳು ಮತ್ತು ಯೂಟ್ಯೂಬ್ ಮಾತ್ರ ಮೊದಲ ಪುಟದಲ್ಲಿ ಉಳಿಸಿ.